ಬೆಂಗಳೂರಿಗೆ ಬಂದು ಯಾರ ಮುಖ ನೋಡ್ಲಿ?

ಮಲೆನಾಡ_ಕೋಡರ್: 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೊತ್ಕೊಂಡು ತೀರ್ಥಹಳ್ಳಿಗೆ ಬಂದವನು ಇಲ್ಲೇ ಇದ್ದೀನಿ. ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಆಫೀಸ್ ಅಂತ ಮೇಲ್ ಬಂದಿದೆ. ನನ್ನ ಟೀಮಲ್ಲಿ ಇಬ್ಬರು ಪುಣೆ, ಒಬ್ಬರು ಚೆನ್ನೈ, ಮ್ಯಾನೇಜರ್ ಹೈದರಾಬಾದ್. ನಾನು ಬೆಂಗಳೂರಿಗೆ ಬಂದು ಏನ್ ಮಾಡ್ಲಿ?

ರಿಂಗ್‌ರೋಡ್_ರಾಣಿ: ನಾವು ಮಾಡ್ತಿರೋದನ್ನೇ! ಒಂದೂವರೆ ಗಂಟೆ ಕ್ಯಾಬಲ್ಲಿ ಕೂತು ಬಂದು, ಹೆಡ್‌ಫೋನ್ ಹಾಕ್ಕೊಂಡು ಕಾಲ್. ಮೀಟಿಂಗ್ ರೂಮ್ ಸಿಗಲ್ಲ. ಮೊನ್ನೆ ಪಕ್ಕದ ಟೀಮಿನವ್ರು "ಪ್ರೊಡಕ್ಷನ್ ಡೌನ್" (ಗ್ರಾಹಕರು ಬಳಸೋ ಸಿಸ್ಟಮ್ಮೇ ನಿಂತೋಯ್ತು) ಅಂತ ಕೂಗಿದ್ದು ನನ್ನ ಮೈಕಲ್ಲಿ ಹೋಗಿ, ನಮ್ಮ ಕ್ಲೈಂಟ್ ಗಾಬರಿಯಾದ 😂

ಹಳೇ_ಹುಲಿ: ಇಷ್ಟಕ್ಕೇ ಗೋಳಾ? ಟಿಸಿಎಸ್‌ನವರು 2023ರ ಅಕ್ಟೋಬರಿಂದ್ಲೇ ಐದು ದಿನ ಹೋಗ್ತಿದ್ದಾರೆ. 2021ರಲ್ಲಿ ಮನೆಯಿಂದ್ಲೇ ಕೆಲಸಕ್ಕೆ ಸೇರಿದ ಹುಡುಗರನ್ನ ನೋಡಿದ್ದೀನಿ, ಲಾಗ್ (ಸಿಸ್ಟಮ್ ಏನೇನು ಮಾಡ್ತು ಅನ್ನೋ ದಾಖಲೆ) ಎಲ್ಲಿದೆ ಅಂತ ಕೇಳೋಕೆ ಮೆಸೇಜ್ ಹಾಕಿ ಅರ್ಧ ದಿನ ಕಾಯೋರು. ಪಕ್ಕದಲ್ಲಿದ್ರೆ ಎರಡು ನಿಮಿಷದ ಕೆಲಸ. ನಿಮಗೂ ಯಾರೋ ಕೂರಿಸ್ಕೊಂಡು ಕಲಿಸಿದ್ರು ತಾನೆ?

ಹೊಸ_ಬ್ಯಾಚು: ನಿಜ ಸರ್. ಆದ್ರೆ ನಾನು ದಿನಾ ಬರ್ತೀನಿ, ಕಲಿಸಬೇಕಾದ ಸೀನಿಯರ್ ಬರೋದು ಬುಧವಾರ ಮಾತ್ರ. ಹಾಜರಿಗೆ ಕಾರ್ಡ್ ಸ್ವೈಪ್ ಮಾಡಿ, ಕಾಫಿ ಕುಡಿದು, ಊಟಕ್ಕೆ ಮುಂಚೆ ಮಾಯ.

ರಿಂಗ್‌ರೋಡ್_ರಾಣಿ: ಬುಧವಾರವೇ? 2025ರಲ್ಲಿ ಟ್ರಾಫಿಕ್ ಪೊಲೀಸರೇ ರಿಂಗ್ ರೋಡ್ ಕಂಪನಿಗಳಿಗೆ ಬುಧವಾರ ಮನೆಯಿಂದ ಕೆಲಸ ಕೊಡಿ ಅಂತ ಕೇಳಿದ್ರು! ಸ್ವೈಪ್ ಎಣಿಸೋ ಕಂಪನಿಗೆ ಸಿಗೋದು ಬರೀ ಸ್ವೈಪೇ. ಮೆಟ್ರೋ ಹಳದಿ ಮಾರ್ಗ ಬಂದು ಎಲೆಕ್ಟ್ರಾನಿಕ್ ಸಿಟಿಯವರು ಬಚಾವ್, ನಮ್ಮ ನೀಲಿ ಮಾರ್ಗಕ್ಕೆ ಇನ್ನೂ ಕಾಯ್ತಾ ಇದ್ದೀವಿ.

ಬೆಳ್ಳಂದೂರ್_ಪಿಜಿ: ನಮ್ಮದೂ ಸ್ವಲ್ಪ ಕೇಳಿ. ಕೊರೊನಾದಲ್ಲಿ ರೂಮೆಲ್ಲ ಖಾಲಿ, ಅಡುಗೆಯವರನ್ನ ಊರಿಗೆ ಕಳಿಸ್ದೆ, ಬ್ಯಾಂಕ್ ಕಂತು ಮಾತ್ರ ನಿಲ್ಲಲಿಲ್ಲ. ನೀವು ಬಂದ್ರೇನೇ ನಮ್ಮ ಒಲೆ ಉರಿಯೋದು.

ಮಲೆನಾಡ_ಕೋಡರ್: ಕಷ್ಟ ಅರ್ಥ ಆಗುತ್ತೆ ಅಣ್ಣ. ಆದ್ರೆ ನನ್ನ ಸಂಬಳದಲ್ಲಿ ನಮ್ಮೂರ ಅಂಗಡಿಗಳೂ ನಡೀತಿವೆ. ಅಪ್ಪನಿಗೆ ಹುಷಾರಿಲ್ದಾಗ ಪಕ್ಕದಲ್ಲಿ ಇರೋಕಾಗಿದ್ದು ಬೇರೆ.

ಹಳೇ_ಹುಲಿ: ಸರಿ ಮಾರಾಯ, ಒಪ್ಪಿದೆ. ಇನ್ಫೋಸಿಸ್ ಥರ ತಿಂಗಳಿಗೆ 10 ದಿನ ಆಫೀಸ್ ಅಂತ ಮಾಡ್ಲಿ, ಆದ್ರೆ ಟೀಮಿನವರೆಲ್ಲ ಒಂದೇ ದಿನ ಬರ್ಲಿ. ಒಂದೇ ಊರಲ್ಲಿ ಟೀಮೇ ಇಲ್ದವರನ್ನ ಬಿಟ್ಟುಬಿಡ್ಲಿ.

ಹೊಸ_ಬ್ಯಾಚು: ಇದನ್ನ ನಮ್ಮ ಎಚ್‌ಆರ್‌ಗೆ ಫಾರ್ವರ್ಡ್ ಮಾಡ್ಲಾ ಸರ್? 😅

ಹಳೇ_ಹುಲಿ: ನನ್ನ ಹೆಸರು ಹಾಕ್ಬೇಡ.

ಮಲೆನಾಡ_ಕೋಡರ್: ಅಲ್ಲೀವರೆಗೂ… ಪಿಜಿ ಅಣ್ಣ, ಸಿಂಗಲ್ ರೂಮ್ ಎಷ್ಟು? ವೈಫೈ ಹೇಗಿದೆ?