ಸಹಾಯ ಬೇಕು: ಬೀದಿದೀಪದ ಕಂಬದಿಂದ ಕಾರು ಚಾರ್ಜ್ ಮಾಡಲು ಯಾರಿಗೆ ಅರ್ಜಿ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಮಣ್ಣಗುಡ್ಡೆಯ ಒಳರಸ್ತೆಯೊಂದರಲ್ಲಿ, ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮ ವಿದ್ಯುತ್ ಕಾರು ನಿಲ್ಲುವುದು ರಸ್ತೆ ಬದಿಯಲ್ಲೇ. ಮಹಡಿಯಿಂದ ವಯರ್ ಇಳಿಬಿಟ್ಟು ಚಾರ್ಜ್ ಮಾಡುತ್ತಿದ್ದೆ. ಮೊನ್ನೆ ಮಳೆಯಲ್ಲಿ ಪಕ್ಕದ ಮನೆಯ ಮಗು ಅದನ್ನು ದಾಟಿಹೋದದ್ದನ್ನು ಕಂಡು ಎದೆ ಧಸಕ್ಕೆಂದಿತು. ಅಂದೇ ನಿಲ್ಲಿಸಿದೆ.

ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬೀದಿದೀಪದ ಕಂಬವಿದೆ. ಲಂಡನ್ನಿನಲ್ಲಿ ಇಂಥ ಕಂಬಗಳಿಗೇ ಸಾಕೆಟ್ ಕೂರಿಸಿದ್ದಾರೆ. ಸುಮಾರು 5 ಕಿಲೋವ್ಯಾಟ್ ಸಿಗುತ್ತದೆ. ರಾತ್ರಿಯಿಡೀ ನಿಲ್ಲುವ ಕಾರಿಗೆ ಅಷ್ಟು ಧಾರಾಳ. ಸೋಡಿಯಂ ದೀಪದ ಬದಲು ಎಲ್‌ಇಡಿ ಹಾಕಿದರೆ ತಂತಿಯ ಮೇಲಿನ ಹೊರೆಯೂ ಇಳಿಯುತ್ತದೆ. ಆದರೆ ಪ್ರತ್ಯೇಕ ಮೀಟರ್, ಸರಿಯಾದ ಅರ್ತಿಂಗ್, ಸೋರಿಕೆಯಾದ ಕ್ಷಣವೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ನಮ್ಮ ಜೂನ್ ಮಳೆಯಲ್ಲಿ ಇದಕ್ಕೆ ರಾಜಿ ಸಲ್ಲದು.

ಬೀದಿದೀಪ ಮಹಾನಗರಪಾಲಿಕೆಯದು, ವಿದ್ಯುತ್ ಮೆಸ್ಕಾಂನದು. ಮೊದಲು ಯಾರ ಬಾಗಿಲು ತಟ್ಟಬೇಕು? ಕಂಬದ ತಂತಿ ಎಷ್ಟು ಹೊರೆ ತಾಳುತ್ತದೆಂದು ಪರೀಕ್ಷಿಸಿಕೊಡುವವರು ಯಾರು? ಇಂಥ ಮನವಿ ಬರೆದು ಅನುಭವವಿರುವವರು, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಹಿರಿಯರು ದಯವಿಟ್ಟು ತಿಳಿಸಿ. ನಮ್ಮ ರಸ್ತೆಯ ಇನ್ನೂ ನಾಲ್ಕು ಮನೆಯವರು ಸಹಿ ಹಾಕಲು ಸಿದ್ಧರಿದ್ದಾರೆ.