ಹೋಸ್ಟ್ ಮನೆಯಲ್ಲಿ ನಮ್ಮ ಮಕ್ಕಳು: ಪೋಷಕರ ಪ್ರಶ್ನೆ, ಕೋಆರ್ಡಿನೇಟರ್ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಓಹಾಯೋದಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿಗಳ ಲೋಕಲ್ ಕೋಆರ್ಡಿನೇಟರ್. ಊರು ಶಿವಮೊಗ್ಗ ಕಡೆ. ಜೆ-1 ವೀಸಾದಲ್ಲಿ ಬಂದು, ಇಲ್ಲಿನ ಒಂದು ಕುಟುಂಬದ (ಇದನ್ನೇ ಹೋಸ್ಟ್ ಕುಟುಂಬ ಅನ್ನುವುದು) ಜೊತೆ ಇದ್ದುಕೊಂಡು ಒಂದು ವರ್ಷ ಹೈಸ್ಕೂಲ್ ಓದುವ ಮಕ್ಕಳಿದ್ದಾರಲ್ಲ, ಅವರನ್ನೂ ಆ ಮನೆಯವರನ್ನೂ ತಿಂಗಳು ತಿಂಗಳು ವಿಚಾರಿಸಿಕೊಳ್ಳುವುದು ನನ್ನ ಕೆಲಸ. ಕಾರ್ಯಕ್ರಮ ಶುರುವಾಗುವಾಗ ಮಗುವಿಗೆ 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು. ಆಗಸ್ಟ್‌ನಲ್ಲಿ ಹೊರಡುವವರ ಅಪ್ಪ-ಅಮ್ಮಂದಿರು ಈ ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ಏನಿದ್ದರೂ ಕೇಳಿ.

ಹುಬ್ಬಳ್ಳಿಯ ತಾಯಿ: ನಮಸ್ಕಾರರಿ ಮೇಡಂ. ನನ್ನ ಮಗ ಹೋಗಿ ಒಂದು ತಿಂಗಳಾಯಿತು. ರಾತ್ರಿ ಪಾತ್ರೆ ತೊಳೆಸುತ್ತಾರಂತೆ, ಕಸದ ಡಬ್ಬಿ ರಸ್ತೆಗೆ ಇಡಿಸುತ್ತಾರಂತೆ, ತನ್ನ ಬಟ್ಟೆ ತಾನೇ ಒಗೆದುಕೊಳ್ಳಬೇಕಂತೆ. ಇಲ್ಲಿ ಒಂದು ಲೋಟ ಎತ್ತಿಟ್ಟವನಲ್ಲ. ಇಷ್ಟು ದುಡ್ಡು ಇಸಿದುಕೊಂಡು ಹುಡುಗನ ಕೈಲಿ ಮನೆಗೆಲಸ ಮಾಡಿಸುತ್ತಾರೇನ್ರಿ?

ಉತ್ತರ: ಅಮ್ಮಾ, ಆ ಮನೆಯವರು ದುಡ್ಡು ಇಸಿದುಕೊಂಡಿಲ್ಲ. ಜೆ-1 ಹೈಸ್ಕೂಲ್ ಕಾರ್ಯಕ್ರಮದಲ್ಲಿ ಹೋಸ್ಟ್ ಕುಟುಂಬಕ್ಕೆ ಬಾಡಿಗೆಯೂ ಇಲ್ಲ, ಸಂಬಳವೂ ಇಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ತಿಂಗಳಿಗೆ 50 ಡಾಲರ್‌ವರೆಗೆ ದಾನ ಅಂತ ತೋರಿಸಬಹುದು, ಅಷ್ಟೇ. ನೀವು ಕಟ್ಟಿದ ಲಕ್ಷಗಳು ಕಾರ್ಯಕ್ರಮ ನಡೆಸುವ ಎಕ್ಸ್‌ಚೇಂಜ್ ಸಂಸ್ಥೆಗೆ, ವಿಮೆಗೆ, ವಿಮಾನಕ್ಕೆ ಹೋಗಿವೆ. ನಿಮ್ಮ ಮಗನಿಗೆ ಮೂರು ಹೊತ್ತು ಊಟ ಹಾಕುತ್ತಿರುವುದು ಅವರ ಕೈಯಿಂದ.

ಇಲ್ಲಿ ಕೆಲಸದವರು ಬರುವುದಿಲ್ಲ. ಹತ್ತು ವರ್ಷದ ಮಗುವೂ ಡಿಶ್‌ವಾಷರ್ ಖಾಲಿ ಮಾಡುತ್ತದೆ, ನಾಯಿಯನ್ನು ಓಡಾಡಿಸಿಕೊಂಡು ಬರುತ್ತದೆ. ಆ ಮನೆಯ ಸ್ವಂತ ಮಕ್ಕಳು ಏನು ಮಾಡುತ್ತಾರೋ ಅದನ್ನೇ ನಿಮ್ಮ ಮಗನಿಗೂ ಹೇಳಿದ್ದರೆ ಅವನನ್ನು ಮನೆಯವನು ಅಂದುಕೊಂಡಿದ್ದಾರೆ ಅಂತಲೇ ಅರ್ಥ. ಹೊರಡುವ ಮುಂಚೆ ಒಂದು ತಿಂಗಳು ತಟ್ಟೆ ತೊಳೆಯೋದು, ಹಾಸಿಗೆ ಸರಿ ಮಾಡೋದು, ವಾಷಿಂಗ್ ಮೆಷಿನ್ ಹಾಕೋದು ಕಲಿಸಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ. ಹೆಣ್ಣುಮಕ್ಕಳ ತಾಯಂದಿರು ಕಲಿಸುತ್ತಾರೆ. ಗಂಡುಮಕ್ಕಳ ತಾಯಂದಿರು "ಅವನು ಹೇಗೋ ಮಾಡ್ಕೋತಾನೆ" ಅನ್ನುತ್ತಾರೆ.

ಇದಕ್ಕೂ ಒಂದು ಮಿತಿ ಇದೆ. ದಿನಾ ಸಂಜೆ ಅವರ ಚಿಕ್ಕ ಮಕ್ಕಳನ್ನು ಇವನ ಮೇಲೆ ಬಿಟ್ಟು ಹೋಗುವುದು, ಇಡೀ ಮನೆ ಇವನೊಬ್ಬನ ಕೈಲೇ ಗುಡಿಸಿ ಒರೆಸಿಸುವುದು, ಅವರ ಅಂಗಡಿಯಲ್ಲಿ ಕೂರಿಸುವುದು, ಇವೆಲ್ಲ ತಪ್ಪು. ಹಾಗೇನಾದರೂ ಇದ್ದರೆ ಅವನೇ ತನ್ನ ಕೋಆರ್ಡಿನೇಟರ್‌ಗೆ ಹೇಳಲಿ. ಪಕ್ಕದ ಮನೆಯ ಹುಲ್ಲು ಕತ್ತರಿಸಿ ನಾಲ್ಕು ಡಾಲರ್ ಸಂಪಾದಿಸಿದರೆ ತೊಂದರೆಯಿಲ್ಲ. ಹೋಟೆಲಲ್ಲಿ, ಅಂಗಡಿಯಲ್ಲಿ ನೌಕರಿ ಹಿಡಿಯುವಂತಿಲ್ಲ.

ಹುಬ್ಬಳ್ಳಿಯ ತಾಯಿ: ಹಂಗಾದ್ರೆ ನಾನು ಆ ಹೋಸ್ಟ್ ತಾಯಿಗೆ ವಾಟ್ಸಾಪ್ ಮಾಡುವುದು ಬೇಡ ಅಂತೀರಾ?

ಉತ್ತರ: ಮಾಡಿ, "ಮಗನನ್ನು ಚೆನ್ನಾಗಿ ನೋಡಿಕೊಳ್ತಿದ್ದೀರಿ, ಥ್ಯಾಂಕ್ಸ್" ಅಂತ. ದೂರು ಮಾತ್ರ ಬೇಡ.

ಮೈಸೂರಿನ ತಂದೆ: ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ಮಗಳಿಗೆ ಸಸ್ಯಾಹಾರಿ ಕುಟುಂಬವೇ ಸಿಗುವ ಹಾಗೆ ಮಾಡಬಹುದಾ?

ಉತ್ತರ: ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆದರೆ ಸಸ್ಯಾಹಾರಿ ಮನೆಯೇ ಸಿಗುತ್ತದೆ ಅಂತ ಕಾಯಬೇಡಿ. ಮಕ್ಕಳು ಜಾಸ್ತಿ ಹೋಗುವುದು ಸಣ್ಣ ಊರುಗಳಿಗೆ. ಅಲ್ಲಿ ಅದೇ ಬಾಣಲೆಯಲ್ಲಿ ಬೇಕನ್ (ಹಂದಿ ಮಾಂಸ) ಹುರಿದಿರುತ್ತಾರೆ, ಫ್ರಿಜ್‌ನಲ್ಲಿ ಹಾಲಿನ ಪಕ್ಕ ದನದ ಮಾಂಸ ಇರುತ್ತದೆ. ಅದನ್ನು ನೋಡಿ ಸಹಿಸಿಕೊಳ್ಳಲು ಮಗಳಿಗೆ ಆಗುತ್ತದಾ ಅಂತ ಈಗಲೇ ಕೂತು ಮಾತಾಡಿ. ಆಗುವುದಿಲ್ಲ ಅಂದರೆ ಇದು ಅವಳಿಗೆ ತಕ್ಕ ಕಾರ್ಯಕ್ರಮವಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಆಗುತ್ತದೆ ಅಂದರೆ ದಾರಿ ಸಲೀಸು. "ನಾನು ವೆಜಿಟೇರಿಯನ್" ಅಂತ ಹೇಳಿ ಸುಮ್ಮನಾಗದೆ, ಏನು ತಿನ್ನುತ್ತೇನೆ ಅಂತ ಹೇಳಲಿ. ಅನ್ನ, ಬೀನ್ಸ್, ಮೊಸರು, ಚೀಸ್, ಪಾಸ್ತಾ, ಪೀನಟ್ ಬಟರ್. ಇಲ್ಲಿ ಕೆಲವರು ಮೀನು, ಕೋಳಿ ಸಾರಿನ ಸೂಪ್ ಇವನ್ನೂ ವೆಜಿಟೇರಿಯನ್ ಲೆಕ್ಕದಲ್ಲೇ ಹಿಡಿಯುತ್ತಾರೆ. ಅದಕ್ಕೇ ಬಿಡಿಸಿ ಹೇಳಬೇಕು. ಅವಳಿಗೆ ನಾಲ್ಕು ಅಡುಗೆ ಬರಬೇಕು: ಚಿತ್ರಾನ್ನ, ಬೇಳೆ ಸಾರು, ಉಪ್ಪಿಟ್ಟು, ಒಂದು ಪಲ್ಯ. ವಾರಕ್ಕೊಮ್ಮೆ ಮನೆಯವರಿಗೂ ಬಡಿಸಲಿ. ಒಗ್ಗರಣೆ ಹಾಕುವ ಮುಂಚೆ ಮಾತ್ರ ಒಲೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಬೇಕು. ಒಣಮೆಣಸಿನಕಾಯಿ ಹೊಗೆಗೆ ಸ್ಮೋಕ್ ಅಲಾರಂ ಕೂಗಿ ಇಡೀ ಮನೆ ಅಂಗಳಕ್ಕೆ ಓಡಿದ ಕಥೆ ನನ್ನ ಹತ್ತಿರ ಒಂದೆರಡಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಮೊದಲ ಸಲ "ಬೇಡ, ಸಾಕು" ಅಂತೀವಿ. ಬಡಿಸುವವರು ಬಲವಂತ ಮಾಡುತ್ತಾರೆ, ಆಮೇಲೆ ಹಾಕಿಸಿಕೊಳ್ಳುತ್ತೀವಿ. ಇಲ್ಲಿ ಬೇಡ ಅಂದರೆ ಬೇಡ. ಎರಡನೇ ಸಲ ಕೇಳುವವರೇ ಇಲ್ಲ. ಮರ್ಯಾದೆಗೆ ಬೇಡ ಅಂದು, ಹಸಿದುಕೊಂಡು ಮಲಗಿ, ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಅತ್ತ ಮಕ್ಕಳಿದ್ದಾರೆ. ಅಮ್ಮ ನನಗೆ ಫೋನ್ ಮಾಡಿ "ಊಟ ಹಾಕ್ತಾ ಇಲ್ವಂತೆ" ಅನ್ನುತ್ತಾರೆ. ನಾನು ಆ ಮನೆಗೆ ಫೋನ್ ಮಾಡಿದರೆ ಅವರಿಗೆ ಗಾಬರಿ. ಹಸಿವಾದರೆ ಕೇಳಬೇಕು. "ಫ್ರಿಜ್‌ನಿಂದ ಏನೇನು ತೆಗೆದುಕೊಳ್ಳಬಹುದು, ಏನು ಕೇಳಿಯೇ ತೆಗೆದುಕೊಳ್ಳಬೇಕು?" ಅಂತ ಮೊದಲ ವಾರವೇ ಕೇಳಿಬಿಟ್ಟರೆ ಅರ್ಧ ತಲೆನೋವು ಕಮ್ಮಿ.

ದಾವಣಗೆರೆಯ ತಾಯಿ: ರಾತ್ರಿ ಹತ್ತಕ್ಕೆ ವೈಫೈ ಆಫ್ ಮಾಡುತ್ತಾರಂತೆ. ಮಗಳ ಜೊತೆ ಸರಿಯಾಗಿ ಮಾತಾಡೋಕೇ ಆಗಲ್ಲ. ಹೀಗೆ ಮಾಡಬಹುದಾ?

ಉತ್ತರ: ಮಾಡಬಹುದು. ಮನೆಯ ವೈಫೈ ಅವರದು. ಊಟದ ಮೇಜಿನಲ್ಲಿ ಫೋನ್ ಬೇಡ ಅನ್ನುವುದಕ್ಕೂ ಅವರಿಗೆ ಹಕ್ಕಿದೆ. ಆದರೆ ಮಗುವಿನ ಪಾಸ್‌ಪೋರ್ಟ್, ಫೋನ್, ಲ್ಯಾಪ್‌ಟಾಪ್ ಕಿತ್ತುಕೊಂಡು ತಮ್ಮ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ಹಾಗೆ ಆದರೆ ತಕ್ಷಣ ಕೋಆರ್ಡಿನೇಟರ್‌ಗೆ ತಿಳಿಸಿ.

ನೀವು ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ?

ದಾವಣಗೆರೆಯ ತಾಯಿ: ಬೆಳಿಗ್ಗೆ ತಿಂಡಿ ಮಾಡುವಾಗ, ಏಳು ಗಂಟೆಗೆ. ದಿನಾ ಮಾಡ್ತೀನಿ.

ಉತ್ತರ: ನಿಮ್ಮ ಬೆಳಿಗ್ಗೆ ಏಳು ಅಂದರೆ ಓಹಾಯೋದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋದ ಮೇಲೆ ಎಂಟೂವರೆ. ಮನೆಯವರೆಲ್ಲ ಟಿವಿ ಮುಂದೆ ಕೂತು ಹರಟುವ ಹೊತ್ತು ಅದು. ನಿಮ್ಮ ಮಗಳು ಆಗ ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಮಾತಾಡುತ್ತಿರುತ್ತಾಳೆ. ದಿನಾ ಹೀಗಾದರೆ ಅವಳು ಆ ಮನೆಯಲ್ಲಿ ಬೇರೂರುವುದು ಯಾವಾಗ? ನಾನು ನೋಡಿದ ಹಾಗೆ ಊಟದ ಜಗಳಕ್ಕಿಂತ, ಕೆಲಸದ ಜಗಳಕ್ಕಿಂತ ಇದರಿಂದಲೇ ಜಾಸ್ತಿ ಸಂಬಂಧ ಕೆಡುವುದು. ಹೋಸ್ಟ್ ಅಮ್ಮಂದಿರು ನನ್ನ ಹತ್ತಿರ ಹೇಳುವ ಮೊದಲ ಮಾತೇ "ಅವಳು ರೂಮಿನಿಂದ ಹೊರಗೇ ಬರುವುದಿಲ್ಲ" ಅಂತ.

ವಾರಕ್ಕೊಂದು ಸಲ ಮಾತಾಡಿ. ಶನಿವಾರ ನಿಮ್ಮ ಸಂಜೆ, ಅವಳ ಬೆಳಿಗ್ಗೆ. ಮಧ್ಯೆ ಒಂದು ಮೆಸೇಜ್ ಸಾಕು. ಮೊದಲ ಎರಡು ತಿಂಗಳು ನಿಮಗೇ ಜಾಸ್ತಿ ಕಷ್ಟವಾಗುತ್ತದೆ, ಗೊತ್ತು.

ಬೆಂಗಳೂರಿನ ತಂದೆ: ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮನೆಯನ್ನೇ ಹೋಸ್ಟ್ ಮನೆ ಮಾಡಿಬಿಟ್ಟರೆ?

ಉತ್ತರ: ಆಗುವುದಿಲ್ಲ ಸರ್. ಸಂಬಂಧಿಕರ ಮನೆಯಲ್ಲಿ ಇರಿಸುವಂತಿಲ್ಲ ಅಂತ ಜೆ-1 ನಿಯಮವೇ ಇದೆ. ರಜೆಯಲ್ಲಿ ಚಿಕ್ಕಪ್ಪನ ಮನೆಗೆ ಹೋಗಿಬರಬಹುದು. ಅದಕ್ಕೂ ಸಂಸ್ಥೆಯ ಒಪ್ಪಿಗೆ ಮೊದಲೇ ಬೇಕು.

ಬೆಂಗಳೂರಿನ ತಂದೆ: ಮಗ ಹದಿನೇಳರ ಹುಡುಗ. ಅಲ್ಲಿನ ಹುಡುಗರೆಲ್ಲ ಕಾರು ಓಡಿಸುತ್ತಾರಂತೆ.

ಉತ್ತರ: ಅವರು ಓಡಿಸುತ್ತಾರೆ, ನಿಮ್ಮ ಮಗ ಓಡಿಸುವಂತಿಲ್ಲ. ರೋಟರಿ ಕ್ಲಬ್‌ನವರ ಎಕ್ಸ್‌ಚೇಂಜ್‌ನಲ್ಲಿ ಇದನ್ನು ನಾಲ್ಕು 'ಡಿ' ಅಂತಾರೆ: ಡ್ರೈವಿಂಗ್, ಡ್ರಿಂಕಿಂಗ್, ಡ್ರಗ್ಸ್, ಡೇಟಿಂಗ್, ನಾಲ್ಕೂ ಬೇಡ. ಡೇಟಿಂಗ್ ವಿಷಯದಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ವ್ಯತ್ಯಾಸ ಇದೆ. ಮೊದಲ ಮೂರರಲ್ಲಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಕುಡಿಯುವ ವಯಸ್ಸು ಇಲ್ಲಿ 21. ಪಾರ್ಟಿಯಲ್ಲಿ ಬಿಯರ್ ಬಂದರೆ, ಕುಡಿಯದಿದ್ದರೂ ಅಲ್ಲಿ ನಿಲ್ಲದೆ ಹೋಸ್ಟ್ ಅಪ್ಪನಿಗೆ ಫೋನ್ ಮಾಡಿ "ಕರೆದುಕೊಂಡು ಹೋಗಿ" ಅನ್ನಬೇಕು. ಹಾಗೆ ಫೋನ್ ಮಾಡಿದ ಮಕ್ಕಳಿಗೆ ಯಾರೂ ಬೈಯುವುದಿಲ್ಲ.

ಒಬ್ಬ ವಿದ್ಯಾರ್ಥಿನಿ (ಈಗ ಅಮೆರಿಕದಲ್ಲಿ): ಅಕ್ಕ, ನನ್ನ ಹೋಸ್ಟ್ ಅಮ್ಮ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಏನು ತಪ್ಪು ಮಾಡಿದೆನೋ ಗೊತ್ತಿಲ್ಲ. ಕೇಳೋಕೆ ಭಯ.

ಉತ್ತರ: ಪುಟ್ಟಿ, ಬಾತ್‌ರೂಮ್ ನೆಲ ಒದ್ದೆಯಾಗಿತ್ತಾ? ನಗಬೇಡ, ಹತ್ತರಲ್ಲಿ ಐದು ಸಲ ಅದೇ ಕಾರಣ. ಇಲ್ಲಿ ಟಬ್‌ನ ಹೊರಗೆ ನೀರು ಹೋಗುವ ಕಿಂಡಿ ಇರುವುದಿಲ್ಲ. ಪರದೆ ಟಬ್‌ನ ಒಳಗೆ ಇರಬೇಕು, ಮುಗಿದ ಮೇಲೆ ನೆಲ ಒರೆಸಬೇಕು. ನೀರು ಕೆಳಗೆ ಇಳಿದು ಸೀಲಿಂಗ್ ಹಾಳಾದರೆ ರಿಪೇರಿ ದುಬಾರಿ. ಸ್ನಾನ ಹತ್ತು ನಿಮಿಷದೊಳಗೆ ಮುಗಿಸು, ಬಿಸಿನೀರು ಎಲ್ಲರಿಗೂ ಬೇಕು. ತಲೆಗೆ ಎಣ್ಣೆ ಹಚ್ಚಿದ ರಾತ್ರಿ ದಿಂಬಿನ ಮೇಲೆ ಹಳೆ ಟವೆಲ್ ಹಾಸಿಕೋ.

ಇದಾವುದೂ ಅಲ್ಲದಿದ್ದರೆ ಅವರಿಗೆ ಆಫೀಸಿನಲ್ಲೋ ಇನ್ನೆಲ್ಲೋ ಬೇರೆ ಚಿಂತೆ ಇರಬಹುದು. ಇವತ್ತು ಅವರು ಅಡುಗೆ ಮಾಡುವಾಗ ಹೋಗಿ ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚಿಕೊಡು. "ನನ್ನಿಂದ ಏನಾದರೂ ಬೇಜಾರಾಗಿದ್ದರೆ ಹೇಳಿ, ತಿದ್ದಿಕೊಳ್ತೀನಿ" ಅನ್ನು. ಮುಖ ನೋಡಿ ಊಹಿಸೋದು ನಮ್ಮ ಅಭ್ಯಾಸ. ಅವರು ನೇರವಾಗಿ ಕೇಳಿದರೆ ನೇರವಾಗಿ ಹೇಳುವ ಜನ. ನಿನ್ನ ಮುಖ ಸಪ್ಪಗಿದ್ದರೂ ಅವರಿಗೆ ತಿಳಿಯುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು. ಆಮೇಲೆ ದಿನದ ಊಟಕ್ಕೂ, ಸ್ಕೂಲಿಂದ ಕರೆತಂದಿದ್ದಕ್ಕೂ ಥ್ಯಾಂಕ್ಸ್ ಹೇಳು. ನಮ್ಮ ಮನೆಯಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಅಂದರೆ "ಏನೇ ಆಯ್ತು ನಿಂಗೆ" ಅನ್ನುತ್ತಾರೆ. ಅಲ್ಲಿ ಹೇಳದಿದ್ದರೆ ಸೊಕ್ಕು ಅನ್ನಿಸುತ್ತದೆ.

ಅದೇ ವಿದ್ಯಾರ್ಥಿನಿ: ನೆಲ ಒದ್ದೆಯೇ ಇತ್ತು ಅಕ್ಕ 🙈

ಮಂಗಳೂರಿನ ತಾಯಿ: ಹೆಣ್ಣುಮಗು. ಗೊತ್ತಿಲ್ಲದವರ ಮನೆ. ಧೈರ್ಯ ಹೇಗೆ ಬರಬೇಕು?

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಆ ಮನೆಯ 18 ದಾಟಿದ ಪ್ರತಿಯೊಬ್ಬರ ಅಪರಾಧ ದಾಖಲೆ ತಪಾಸಣೆ ಆಗಿರಬೇಕು. ಸಂಸ್ಥೆಯವರು ಮನೆಗೇ ಹೋಗಿ ನೋಡಿರಬೇಕು. ಮಗುವಿಗೆ ತನ್ನದೇ ಮಂಚ ಇರಬೇಕು. ಸೋಫಾವನ್ನು ಹಾಸಿಗೆ ಮಾಡುವುದು, ಗಾಳಿ ತುಂಬಿದ ಹಾಸಿಗೆ ನಡೆಯುವುದಿಲ್ಲ. ಕೋಣೆ ಹಂಚಿಕೊಳ್ಳುವುದಾದರೆ ಹೆಣ್ಣುಮಗುವಿನ ಜೊತೆ ಮಾತ್ರ. ಕೋಆರ್ಡಿನೇಟರ್ ಆ ಮನೆಯಿಂದ 120 ಮೈಲಿ, ಅಂದರೆ ಸುಮಾರು 190 ಕಿಲೋಮೀಟರ್ ಒಳಗೇ ವಾಸವಿರಬೇಕು. ಒಬ್ಬರೇ ಇರುವ, ಮಕ್ಕಳಿಲ್ಲದ ಹೋಸ್ಟ್ ಆದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಇಷ್ಟವಿಲ್ಲದಿದ್ದರೆ ಸಹಿ ಹಾಕಬೇಡಿ.

ಕಾಗದದ ತಪಾಸಣೆಯ ಜೊತೆಗೆ ಮನೆಯಲ್ಲಿ ಒಂದು ಮಾತು ಆಗಬೇಕು. ಯಾರಾದರೂ ಮೈಮುಟ್ಟಿದ್ದು, ನೋಡಿದ್ದು, ಮೆಸೇಜ್ ಮಾಡಿದ್ದು ಸರಿ ಅನ್ನಿಸದಿದ್ದರೆ ಅದೇ ದಿನ ಹೇಳಬೇಕು. ಕೋಆರ್ಡಿನೇಟರ್‌ಗೆ, ಸ್ಕೂಲ್ ಕೌನ್ಸೆಲರ್‌ಗೆ, ನಿಮಗೆ. ಅಪಾಯ ಅನ್ನಿಸಿದರೆ 911ಕ್ಕೆ, ಅದು ಇಲ್ಲಿನ ತುರ್ತು ಸಹಾಯದ ನಂಬರ್. "ಪಾಪ, ಇಷ್ಟು ಮಾಡಿದ್ದಾರೆ, ಹೇಗೆ ಹೇಳಲಿ" ಅನ್ನುವ ದಾಕ್ಷಿಣ್ಯ ಇಲ್ಲಿ ಬೇಡವೇ ಬೇಡ. ಹೇಳಿದರೆ ವಾಪಸ್ ಕಳಿಸುತ್ತಾರೆ ಅಂತ ಮಕ್ಕಳು ಹೆದರುತ್ತಾರೆ. ಸುರಕ್ಷತೆಯ ವಿಷಯ ಹೇಳಿದ್ದಕ್ಕೆ ಕಳಿಸುವುದಿಲ್ಲ, ಬೇರೆ ಮನೆಗೆ ಸ್ಥಳಾಂತರಿಸುತ್ತಾರೆ. ಸುಮ್ಮನೆ ಹೊಂದಾಣಿಕೆ ಆಗದಿದ್ದರೂ ಮನೆ ಬದಲಾಯಿಸುವ ದಾರಿ ಇದೆ. ಆದರೆ ಅದಕ್ಕೆ ಮುಂಚೆ ನಾವು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತೇವೆ.

ಮಂಗಳೂರಿನ ತಾಯಿ: ಭಾನುವಾರ ಚರ್ಚ್‌ಗೆ ಕರೆದರೆ?

ಉತ್ತರ: ಒತ್ತಾಯ ಮಾಡುವಂತಿಲ್ಲ. ಸಣ್ಣ ಊರಲ್ಲಿ ಚರ್ಚ್ ಅಂದರೆ ಊಟ, ಹಾಡು, ಸ್ನೇಹಿತರು ಸಿಗುವ ಜಾಗವೂ ಹೌದು. ಒಂದೆರಡು ಸಲ ಹೋಗಿ ನೋಡಿ, ಬೇಡ ಅನ್ನಿಸಿದರೆ ವಿನಯದಿಂದ ಹೇಳಲಿ.

ತುಮಕೂರಿನ ತಂದೆ: ಏಜೆಂಟ್ ಒಬ್ಬರು ಕೆನಡಾ ಹೋಮ್‌ಸ್ಟೇ ಹೇಳುತ್ತಿದ್ದಾರೆ. ಅದೂ ಇದೇ ತರಹವಾ?

ಉತ್ತರ: ಬೇರೆ. ಕೆನಡಾದಲ್ಲಿ ಸಾಮಾನ್ಯವಾಗಿ ಹೋಮ್‌ಸ್ಟೇಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೀರಿ. ಹಾಗಾಗಿ ಊಟ, ಕೋಣೆ, ಕೆಲಸ ಎಲ್ಲ ಒಪ್ಪಂದದಲ್ಲಿ ಬರೆದಿದೆಯಾ ನೋಡಿ. 17 ತುಂಬದ ಮಗು ಅಪ್ಪ-ಅಮ್ಮ ಇಲ್ಲದೆ ಹೋದರೆ ಅಲ್ಲಿ ಒಬ್ಬ ಕಸ್ಟೋಡಿಯನ್, ಅಂದರೆ ಮಗುವಿನ ಹೊಣೆ ಹೊರುವ ದೊಡ್ಡವರು, ಇರಲೇಬೇಕು, ನೋಟರಿ ಪತ್ರದ ಸಮೇತ. ಆ ಕಸ್ಟೋಡಿಯನ್ ಜೊತೆ ನೀವೇ ವಿಡಿಯೋದಲ್ಲಿ ಮಾತಾಡದೆ ದುಡ್ಡು ಕಳಿಸಬೇಡಿ.

ಕಲಬುರಗಿಯ ತಂದೆ: ಮಗಳು ಅಮೆರಿಕ ಸರಕಾರದ ಯೆಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾಳೆ. ಮುಗಿಸಿ ಬಂದ ಮೇಲೆ ಎರಡು ವರ್ಷ ಮತ್ತೆ ಅಮೆರಿಕಕ್ಕೆ ಹೋಗುವಂತಿಲ್ಲ ಅಂತ ಯಾರೋ ಹೇಳಿದರು. ನಿಜವಾ? ಡಿಗ್ರಿಗೆ ಅಲ್ಲಿಗೇ ಹೋಗಬೇಕು ಅಂತ ಅವಳ ಆಸೆ.

ಉತ್ತರ: ಅರ್ಧ ನಿಜ. ಸರಕಾರದ ಹಣದಲ್ಲಿ ಜೆ-1 ಮೇಲೆ ಬಂದವರು ಒಟ್ಟು ಎರಡು ವರ್ಷ ತಮ್ಮ ದೇಶದಲ್ಲಿ ಇರುವ ತನಕ ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಇಂಥವು ಸಿಗುವುದಿಲ್ಲ. ಡಿಗ್ರಿಗೆ ಬೇಕಾದ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಇದು ಅಡ್ಡಿ ಬರುವುದಿಲ್ಲ, ಭಾರತದಿಂದಲೇ ಅರ್ಜಿ ಹಾಕಬಹುದು. ಆದರೆ ಆ ಎರಡು ವರ್ಷದ ಲೆಕ್ಕ ಹಾಗೇ ಉಳಿದಿರುತ್ತದೆ, ಓದು ಮುಗಿಸಿ ಕೆಲಸ ಹುಡುಕುವಾಗ ಎದುರಾಗುತ್ತದೆ. ಅವಳ ಡಿಎಸ್-2019 ಕಾಗದದಲ್ಲೂ (ಜೆ-1 ವೀಸಾಕ್ಕೆ ಸಂಸ್ಥೆ ಕೊಡುವ ಅರ್ಹತಾ ಪತ್ರ) ವೀಸಾ ಮೇಲೂ ಈ ಷರತ್ತು ನಮೂದಾಗಿರುತ್ತದೆ. ಅದರ ಒಂದು ಪ್ರತಿ ತೆಗೆದು ಜೋಪಾನವಾಗಿ ಇಡಿ.

ಪಿಯುಸಿ ಬಗ್ಗೆಯೂ ಕೆಲವರು ಕೇಳಿದ್ದೀರಿ. ಇಲ್ಲಿಯ ವರ್ಷಕ್ಕೆ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ, ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ವರ್ಷ ಹಿಂದೆ ಬೀಳಬಹುದು ಅಂತಲೇ ಲೆಕ್ಕ ಹಾಕಿಕೊಂಡು, ಮಗು ವಾಪಸ್ ಬಂದಾಗ ಯಾವ ತರಗತಿಗೆ ಸೇರಿಸಿಕೊಳ್ಳುತ್ತೀರಿ ಅಂತ ಕಾಲೇಜಿನವರಿಂದ ಹೊರಡುವ ಮುಂಚೆಯೇ ಪತ್ರ ಬರೆಸಿಕೊಳ್ಳಿ.