ಅಪಿಸ್ಟೋ ಜೋಡಿಗೆ ಜೊತೆ ಮೀನು ಯಾವ್ದು ಬಿಡೋದು?

ಸಿಂಚು, ನಿನ್ನ ಮೆಸೇಜ್ ಈಗ ನೋಡ್ದೆ. ಎರಡಡಿ ಟ್ಯಾಂಕಲ್ಲಿ ಕಕಾಟುವಾಯ್ಡಿಸ್ ಅಪಿಸ್ಟೋ ಅನ್ನೋ ಸಣ್ಣ ಮೀನಿನ ಜೋಡಿ ಇದೆ, ಮರಿ ಮಾಡಿಸ್ಬೇಕು, ಜೊತೆಗೆ ಯಾವ ಮೀನು ಬಿಡ್ಲಿ ಅಂತ ಕೇಳಿದೀಯ. ನಿನ್ನ ಮೆಸೇಜ್ ಕೆಳಗಡೆ ಅಣ್ಣ, ನಾಲ್ಕು ಕೋರಿ (ನೆಲದಲ್ಲಿ ಓಡಾಡೋ ಮೀಸೆ ಮೀನು) ಬಿಡು, ಉಳಿದ ಫುಡ್ ತಿಂದು ಟ್ಯಾಂಕ್ ಕ್ಲೀನಾಗಿಡುತ್ತೆ ಅಂತ ಬರೆದಿದಾನೆ. ಅಣ್ಣ, ಬೇಜಾರು ಮಾಡ್ಕೋಬೇಡ, ಈ ಟ್ಯಾಂಕಿಗೆ ಕೋರಿ ಬೇಡವೇ ಬೇಡ.

ಕೋರಿ ಸಾಧು ಮೀನೇ. ಆದ್ರೆ ಅದು ಇರೋದೇ ನೆಲದಲ್ಲಿ, ಅಪಿಸ್ಟೋ ಮೊಟ್ಟೆ ಇಡೋದೂ ನೆಲದ ಗುಹೇಲಿ. ಹೆಣ್ಣು ರೆಕ್ಕೆ ಅಗಲಿಸಿ ನುಗ್ಗಿದ್ರೆ ಬೇರೆ ಮೀನು ಜಾಗ ಬಿಟ್ಟು ಓಡುತ್ತೆ. ಕೋರಿ ಮೈಮೇಲೆ ಗಟ್ಟಿ ಕವಚ, ಅದು ಲೆಕ್ಕಕ್ಕೇ ತಗೊಳ್ಳಲ್ಲ, ಐದು ನಿಮಿಷಕ್ಕೆ ಮತ್ತೆ ಅಲ್ಲೇ ಬರುತ್ತೆ. ಇವಳು ಹೊಡೆದೂ ಹೊಡೆದೂ ಸುಸ್ತಾಗ್ತಾಳೆ, ಕೋರಿ ಕಣ್ಣಿಗೂ ಏಟು ಬೀಳ್ಬಹುದು. ಲೈಟ್ ಆರಿದ್ಮೇಲಂತೂ ಅದು ಮೀಸೆಯಿಂದಾನೇ ತಡಕಾಡಿ ಮೊಟ್ಟೆ ಹುಡುಕಿ ತಿನ್ನುತ್ತೆ, ಕತ್ತಲಲ್ಲಿ ತಾಯಿಗೆ ಕಾಯೋಕೆ ಕಷ್ಟ. ಸಕ್ಕರ್ ಫಿಶ್ಶಿಗೂ ಇದೇ ಮಾತು, ಅದಕ್ಕೂ ಗುಹೆ ಬೇಕು, ಅದೂ ರಾತ್ರಿ ಓಡಾಡೋ ಮೀನು. ಅಂಗಡಿಯವ್ರು ಒತ್ತಾಯ ಮಾಡಿದ್ರೂ ತರ್ಬೇಡ.

ಹಾಗಾದ್ರೆ ಜೋಡಿ ಮಾತ್ರ ಇರ್ಲಿ ಅಂತೀಯಾ? ಅದೂ ಒಳ್ಳೇದಲ್ಲ. ಇವು ಅಮೆಜಾನ್ ಕಡೆಯ ಸಣ್ಣ ತೊರೆಗಳ ಮೀನು, ಒಣಗಿದೆಲೆ ಬಿದ್ದಿರೋ ಆಳವಿಲ್ಲದ ನೀರಲ್ಲಿ ಇರೋವು. ಅಪಾಯ ಬರೋದು ಹೆಚ್ಚಾಗಿ ಮೇಲಿಂದ, ಮಿಂಚುಳ್ಳಿ ಥರದ ಹಕ್ಕಿಗಳಿಂದ. ಮೇಲ್ಗಡೆ ಸಣ್ಣ ಮೀನುಗಳು ನಿಶ್ಚಿಂತೆಯಿಂದ ಓಡಾಡ್ತಿದ್ರೆ ಇವಕ್ಕೂ ಧೈರ್ಯ ಬಂದು ಹೊರಗೆ ಬರ್ತವೆ. ಇನ್ನೊಂದು, ಮೊಟ್ಟೆ ಇಟ್ಟ ಹೆಣ್ಣಿಗೆ ಓಡಿಸೋಕೆ ಯಾರೂ ಇಲ್ದಿದ್ರೆ ಅವಳು ಗಂಡನ್ನೇ ಅಟ್ಟಾಡಿಸ್ತಾಳೆ. ಎರಡಡಿ ಟ್ಯಾಂಕಲ್ಲಿ ಅವನಿಗೆ ಓಡೋಕೆ ಜಾಗ ಎಲ್ಲಿದೆ?

ನಾನು ಹೇಳೋದು ಪೆನ್ಸಿಲ್ ಫಿಶ್, ಎಂಟು ಸಾಕು. ಸಣ್ಣ ಬಾಯಿ, ಮೇಲಿನ ಅರ್ಧದಲ್ಲೇ ನಿಧಾನಕ್ಕೆ ತೇಲ್ತಿರುತ್ತೆ, ನೆಲಕ್ಕೆ ಇಳಿಯೋದೇ ಅಪರೂಪ. ಮರಿ ಬಂದಾಗ ನೋಡು, ಎಷ್ಟು ಚೆನ್ನಾಗಿರುತ್ತೆ! ತಾಯಿ ಅರಿಶಿನ ಹಳದಿಗೆ ತಿರುಗಿ, ಕಪ್ಪು ಗುರುತು ಎದ್ದು ಕಾಣ್ತಿರುತ್ತೆ. ಮರಿ ಗುಂಪು ಮರಳಿಗಿಂತ ಒಂದಿಂಚು ಮೇಲೆ. ಪೆನ್ಸಿಲ್ ಒಂದು ಸ್ವಲ್ಪ ಕೆಳಗೆ ಬಂದ್ರೆ ತಾಯಿ ಮೈ ಝಾಡಿಸ್ತಾಳೆ ಅಷ್ಟೇ, ಮರಿಗಳೆಲ್ಲ ತಟಕ್ ಅಂತ ಮರಳಿಗೆ ಅಂಟ್ಕೊಂಡು ಕಾಣೋದೇ ಇಲ್ಲ. ಪೆನ್ಸಿಲ್ ಮೇಲೆ ಹೋದ್ಮೇಲೆ ಮತ್ತೆ ಏಳ್ತವೆ. ಇದನ್ನ ನೋಡೋಕೇ ಜೊತೆ ಮೀನು ಬೇಕು ಅನ್ಸುತ್ತೆ ನಂಗೆ.

ಪೆನ್ಸಿಲ್ ಸಿಗ್ಲಿಲ್ವಾ, ಎಂಬರ್ ಟೆಟ್ರಾ ತಗೋ. ಹ್ಯಾಚೆಟ್ ಇನ್ನೂ ಮೇಲೇ ಇರುತ್ತೆ, ಆದ್ರೆ ಹಾರಿಬಿಡುತ್ತೆ, ಮುಚ್ಚಳ ಬೇಕೇ ಬೇಕು. ಗಪ್ಪಿ, ಏಂಜೆಲ್ ಬೇಡ, ಅಪಿಸ್ಟೋ ಮರಿಗಳನ್ನ ತಿಂದ್ಹಾಕ್ತವೆ. ಟೈಗರ್ ಬಾರ್ಬ್ ನಿನ್ನ ಗಂಡಿನ ಉದ್ದ ರೆಕ್ಕೆ ಕಚ್ಚಿ ಹರಿಯುತ್ತೆ. ಸೀಗಡಿ ತಂದು ಹಾಕಿದ್ರೆ ಅಪಿಸ್ಟೋಗೆ ಊಟಕ್ಕೆ ಕೊಟ್ಟ ಹಾಗೆ.

ಮತ್ತೆ ಇವನ್ನೆಲ್ಲ ಒಟ್ಟಿಗೇ ತರ್ಬೇಡ. ಹೊಸ ಮೀನನ್ನ ಬೇರೆ ಟಬ್ಬಲ್ಲಿ ಎರಡು ಮೂರು ವಾರ ಇಟ್ಟು, ಬಿಳಿ ಚುಕ್ಕೆ ರೋಗ ಗೀಗ ಇಲ್ಲ ಅಂತ ನೋಡಿ ಆಮೇಲೆ ಬಿಡು. ಜೋಡಿಗೆ ತೆಂಗಿನ ಕರಟದಲ್ಲಿ ಸಣ್ಣ ಬಾಯಿ ಕೊರೆದು ಎರಡು ಕಡೆ ಮಗುಚಿಡು, ನಡುವೆ ಗಿಡ ಇರ್ಲಿ, ಒಬ್ಬರಿಗೊಬ್ಬರು ಕಾಣಬಾರ್ದು. ನಿಮ್ಮ ರಸ್ತೇಲಿ ಕಾಡುಬಾದಾಮಿ ಮರ ಇದೆಯಲ್ಲ, ತಾನಾಗೇ ಉದುರಿದ ಒಣಗಿದೆಲೆ ತೊಳೆದು ಹಾಕು. ಬೋರ್‌ವೆಲ್ ನೀರು ಗಡಸಾಗಿದ್ರೆ ಆರ್‌ಒ ನೀರು ಬೆರೆಸು.

ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತೆ, ಆಮೇಲೆ ಮರಿ ಈಜೋಕೆ ಇನ್ನೂ ನಾಲ್ಕೈದು ದಿನ. ಆ ಹೊತ್ತಿಗೆ ಮರಿಗಳ ಊಟಕ್ಕೆ ಆರ್ಟೀಮಿಯಾ (ಉಪ್ಪು ನೀರಿನ ಪುಟಾಣಿ ಸೀಗಡಿ ಥರದ ಜೀವಿ) ಮರಿ ರೆಡಿ ಇರ್ಬೇಕು, ಅದರ ಮೊಟ್ಟೆ ಉಪ್ಪು ನೀರಲ್ಲಿ ಒಂದು ದಿನಕ್ಕೆ ಒಡೆಯುತ್ತೆ. ಮೊದಲು ಪೆನ್ಸಿಲ್ಲಿಗೆ ಮೇಲೆ ಒಂಚೂರು ಪುಡಿ ಫುಡ್ ಉದುರಿಸು, ಅವು ಅದರಲ್ಲಿ ಬ್ಯುಸಿ ಇರುವಾಗ ಪಿಪೆಟ್ಟಲ್ಲಿ ಮರಿಗಳ ಹತ್ರ ಆರ್ಟೀಮಿಯಾ ಬಿಡು. ಶನಿವಾರ ಅಂಗಡಿಗೆ ಹೋಗ್ತೀಯಾದ್ರೆ ಫೋನ್ ಮಾಡು, ನಾನೂ ಬರ್ತೀನಿ.